ಪುದೀನ ನೆಲಕ್ಕೆ ಬಾಗಿದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಗಳಾಡುತ್ತಿದ್ದವು. ಕತ್ತೆಯ ಕಿವಿಗೆ ಯಾರೂ ಅಳತೆ ತೆಗೆದುಕೊಂಡಿರಲಿಲ್ಲ. ಚಪ್ಪಲಿ ಅನ್ನೋದು ಹುಟ್ಟಿರಲೇ ಇಲ್ಲ, ಹಾಗಾಗಿ ಕಳ್ಳರು ಹೆಜ್ಜೆಯನ್ನೇ ಕದಿಯುತ್ತಿದ್ದರು.

ಕಳ್ಳರೇನು, ಒಬ್ಬನೇ. ನೆಲದ ಕೆಳಗಿದ್ದ. ಅವನಿಗೆ ಕಾಲಿರಲಿಲ್ಲ. ಮಟಮಟ ಮಧ್ಯಾಹ್ನ, ನೆರಳು ಕಾಲಡಿಗೆ ಸೇರಿಕೊಳ್ಳುವ ಹೊತ್ತಿಗೆ, ಬರಿನೆಲದ ಮೇಲೆ ಬಿದ್ದ ಹೆಜ್ಜೆಗುರುತನ್ನು ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಮೆಲ್ಲಗೆ ಬಿಡಿಸಿ ಕೆಳಕ್ಕೆಳೆದುಕೊಳ್ಳುತ್ತಿದ್ದ.

ದೇವೀರಜ್ಜಿಗೆ ಇದು ಗೊತ್ತಿರಲಿಲ್ಲ. ಅವಳ ಅಂಗಳದಲ್ಲಿ ಒಂದು ಹುಲ್ಲುಕಡ್ಡಿಯೂ ಇರುತ್ತಿರಲಿಲ್ಲ. ಬೆಳಿಗ್ಗೆ ಗುಡಿಸುವಳು, ನೀರು ಚಿಮುಕಿಸುವಳು, ಮತ್ತೆ ಗುಡಿಸುವಳು. ಇರುವೆ ಕೂಡ ಕಾಲೊರೆಸಿಕೊಂಡೇ ಒಳಗೆ ಬರಬೇಕು.

ಒಂದು ದಿನ ಮೊಮ್ಮಗಳು ನಂಜಿ ಅಂಗಳದಲ್ಲಿ ಓಡಿದಳು. ಸದ್ದಾಗಲಿಲ್ಲ.

"ಇನ್ನೊಂದ್ಸಲ ಓಡೇ," ಅಂದಳು ಅಜ್ಜಿ.

ನಂಜಿ ಓಡಿದಳು. ಸದ್ದಿಲ್ಲ. ಹಸಿ ಮಣ್ಣಿನ ಮೇಲೆ ಗುರುತು ಇದೆಯೋ ಇಲ್ಲವೋ ಅನ್ನುವಷ್ಟು.

"ಅಜ್ಜೀ, ಕೆಳಗಡೆಯಿಂದ ಯಾರೋ ನನ್ನ ಅಂಗಾಲಿಗೆ ಅಂಗಾಲು ತಾಗಿಸ್ತಾರೆ. ತಣ್ಣಗಿರುತ್ತೆ."

ಅಜ್ಜಿ ಮಗುವನ್ನು ಎತ್ತಿಕೊಂಡಳು. ಖಾಲಿ ಮೊರದಷ್ಟು ಭಾರ.

ಗಾಳಿ ಬಾಗಿಲ ಹತ್ತಿರ ಬಂದು ಪಿಸುಗುಟ್ಟಿತು. "ಕಾಲಿಲ್ಲದ ಕಳ್ಳ ಅವಳ ಹೆಜ್ಜೆನೇ ತೊಟ್ಕೊಂಡು ನೆಲದ ಕೆಳಗೆ ನಡೀತಿದ್ದಾನೆ ಕಣಜ್ಜಿ. ಈ ಮಧ್ಯಾಹ್ನ ಕೊನೇದನ್ನೂ ತಗೊಂಡ್ರೆ ಮಗು ನನ್ನ ಜೊತೆ ಹಾರಿಹೋಗುತ್ತೆ. ನನಗೂ ಇಷ್ಟ ಇಲ್ಲ."

"ಇಷ್ಟು ಮನೆ ಬಿಟ್ಟು ನಮ್ಮನೆಗೇ ಯಾಕೆ ಬಂದ?"

"ಅಂಗಳ ಗುಡಿಸಿ ಗುಡಿಸಿ ನೀನೇ ತಟ್ಟೆ ತೊಳೆದು ಮುಂದಿಟ್ಟೆಯಲ್ಲ. ನೆಲಕ್ಕೆ ಏನಾದ್ರೂ ಹೊದಿಸು."

ಆ ಕಾಲದಲ್ಲಿ ಪುದೀನ ತೆಂಗಿನಷ್ಟು ಎತ್ತರ. ಬಚ್ಚಲ ಪಕ್ಕ ನಿಂತು ತನ್ನ ಪರಿಮಳವನ್ನೆಲ್ಲ ಮೋಡಗಳಿಗೆ ಹಚ್ಚುತ್ತಿತ್ತು.

"ಪುದೀನಪ್ಪ, ಸ್ವಲ್ಪ ಬಾಗು," ಅಂದಳು ಅಜ್ಜಿ.

"ಬಾಗಿದ್ರೆ ಜನ ತುಳೀತಾರೆ."

"ತುಳಿಯೋಕೇ ಕರೀತಿರೋದು."

"ಆಹಾ, ಕರೆಯೋ ಚೆಂದ ನೋಡು."

"ಬಚ್ಚಲ ನೀರು ಪೂರ್ತಿ ನಿಂದು. ನಾನು ಸತ್ತಮೇಲೂ ನಿಂದೇ."

ಪುದೀನ ಕೆಳಗೆ ನೋಡಿತು. ನಂಜಿ ಒಣಗಲು ಹಾಕಿದ ಬಟ್ಟೆಯ ಹಾಗೆ ಗಾಳಿಗೆ ಅಲ್ಲಾಡುತ್ತಾ ನಿಂತಿದ್ದಳು. ಅದು ಬಾಗಿತು.

ಅಜ್ಜಿ ಅದನ್ನು ಅಂಗಳದುದ್ದಕ್ಕೂ ಮಲಗಿಸಿದಳು. ಗೆಣ್ಣುಗೆಣ್ಣಿಗೂ ಹಿಡಿಮಣ್ಣು ಹಾಕಿ ಬಚ್ಚಲ ನೀರು ಹೊಯ್ದಳು. ಪ್ರತಿ ಗೆಣ್ಣೂ ಬೇರು ಬಿಟ್ಟು ನೆಲ ಕಚ್ಚಿತು. ಇನ್ನೊಂದು ಮೊಳ ನೆಲ ಬಾಕಿ ಇತ್ತು. ಅಷ್ಟರಲ್ಲಿ ನೆರಳು ಕಾಲಡಿಗೆ ಸೇರಿತು. ಅಜ್ಜಿ ನಂಜಿಯನ್ನು ಎತ್ತಿಕೊಂಡಳು.

ಕೆಳಗೆ ಸದ್ದು. ತಪ್. ತಪ್. ನಂಜಿಯದೇ ನಡಿಗೆ.

"ಅಜ್ಜೀ, ನನ್ನ ಕೆಳಗಿಳಿಸು." ನಂಜಿಯದೇ ದನಿ.

ತೋಳಲ್ಲಿದ್ದ ನಂಜಿ ಬಾಯಿ ಬಿಟ್ಟಿರಲಿಲ್ಲ.

ಅಜ್ಜಿ ಇಳಿಸಿದಳು, ಪುದೀನದ ಮೇಲೆ. ಎಲೆ ನಲುಗಿತು. ಮೋಡಗಳಿಗೆಂದು ಇಟ್ಟುಕೊಂಡಿದ್ದ ಪರಿಮಳವೆಲ್ಲ ಒಂದೇ ಸಲಕ್ಕೆ ನೆಲಕ್ಕಿಳಿಯಿತು. ಕೆಳಗಿನವನು ಹೆಜ್ಜೆಗಾಗಿ ತಡಕಿದ. ಒಂದೊಂದು ಎಲೆಯನ್ನೂ ಅಡಿಯಿಂದ ಬೆರಳಾಡಿಸಿ ಹಿಸುಕಿದ. ಸಿಕ್ಕಿದ್ದು ಬರೀ ಘಮ. ಆಮೇಲೆ ಸೀನಿದ. ಅಂಗಳ ಒಂದು ಗೇಣು ಬಿರಿಯಿತು.

ಬಿರುಕಿನಿಂದ ನಂಜಿಯ ಬಲಗಾಲಿನ ಹೆಜ್ಜೆ ಹೊರಬಿತ್ತು. ಮಗುವಿಗೆ ಮೈಭಾರ ಬಂತು. ಎಡಗಾಲಿನದು ಬರಲೇ ಇಲ್ಲ. ನಂಜಿ ಮುದುಕಿಯಾಗುವವರೆಗೂ ಅವಳು ನಡೆದರೆ ಒಂದು ಕಾಲಿನ ಸದ್ದು ಮೇಲೆ ಕೇಳುತ್ತಿತ್ತು, ಇನ್ನೊಂದರದು ಕೆಳಗಿನಿಂದ.

ಅದಕ್ಕೇ ಪುದೀನ ಇವತ್ತಿಗೂ ಬಚ್ಚಲ ನೀರು ಹರಿಯುವ ಕಡೆ ನೆಲಕ್ಕಂಟಿಕೊಂಡು ತೆವಳುತ್ತದೆ, ಎಲೆಯೆಲ್ಲ ಹಿಸುಕಿದ ಹಾಗೆ ಸುಕ್ಕುಸುಕ್ಕು. ನೀನು ತುಳಿದಾಗ ಘಮ್ಮೆನ್ನುತ್ತದಲ್ಲ, ಅದು ಕೆಳಗಿನವನಿಗೆ ಹೇಳುವ ಮಾತು: ಇಲ್ಲಿ ಯಾರೂ ಇಲ್ಲ. ಆದರೆ ಎಷ್ಟೇ ಹಬ್ಬಿದರೂ ಅಂಗಳದಲ್ಲಿ ಎಲ್ಲೋ ಒಂದು ಮೊಳ ಬರಿನೆಲ ಉಳಿದೇ ಇರುತ್ತದೆ, ನೋಡು; ಅಲ್ಲಿ ಕಾಲಿಟ್ಟಾಗ ಮಾತ್ರ ಪುದೀನ ಏನೂ ಹೇಳುವುದಿಲ್ಲ.