ಎಣ್ಣೆ ಬಿಡುವ ಕೈ

ತುಂಗಭದ್ರೆಯ ದಂಡೆಯಲ್ಲೊಂದು ಆಶ್ರಮ. ಮಂತ್ರ ಕಲಿಸುವವರು ಮುಂದಿನ ಜಗಲಿಯಲ್ಲಿ ಕೂರುತ್ತಿದ್ದರು. ಕಬ್ಬಿಣದ ಕೆಲಸ ಕಲಿಸುವ ಮೋನಪ್ಪಾಚಾರ್ರಿಗೆ ಹಿಂದಿನ ತಗಡಿನ ಶೆಡ್ಡು. ಜಗಲಿಯಲ್ಲಿ ಕಲಿತವರು ಮಂತ್ರ ಮರೆತದ್ದುಂಟು. ಶೆಡ್ಡಿನಲ್ಲಿ ಕಲಿತವರು ಗುರುಗಳ ಬೈಗುಳ ಮರೆತದ್ದಿಲ್ಲ.

ಒಂದು ಬೆಳಿಗ್ಗೆ ಹಾಲೇಶ ಆ ಶೆಡ್ಡಿಗೆ ಬಂದ. ಹದಿನೆಂಟು ವರ್ಷದ ಹಿಂದೆ ಇಲ್ಲೇ ಕಲಿತವನು, ಈಗ ಊರೊಳಗೆ ಸ್ವಂತ ವರ್ಕ್‌ಶಾಪ್ ಇಟ್ಟವನು.

ಗುರುಗಳು ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದರೆಂದು ಕೇಳಿ ಅವನಿಗೆ ಸಂಕಟವಾಗಿತ್ತು. ಅವರು ಹಿಡಿದು ಇಳಿಯಲು ಸ್ಟೀಲಿನ ಕಂಬಿಯೊಂದನ್ನು ಮಾಡಿ ತಂದಿದ್ದ. ಅದರ ಬುಡಕ್ಕೆ ಕೂರಿಸುವ ದಪ್ಪ ಪ್ಲೇಟಿಗೆ ತೂತು ಹಾಕುವುದೊಂದು ಬಾಕಿ. ಅದನ್ನು ಮಾತ್ರ ಗುರುಗಳ ಹಳೆಯ ಮೆಷಿನ್ನಿನಲ್ಲೇ ಹಾಕಬೇಕೆಂದು ಅವನ ಆಸೆ.

ಶೆಡ್ಡಿನಲ್ಲಿ ಅದೇ ಸುಟ್ಟ ಎಣ್ಣೆಯ ವಾಸನೆ.

ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನೆಲ ಎರಡು ಕಡೆ ಸವೆದಿತ್ತು. ಒಂದು ಹಿಡಿಕೆ ಎಳೆಯುವವನು ನಿಲ್ಲುವ ಜಾಗ, ಇನ್ನೊಂದು ಕೊರೆಯುವ ಕಡೆ ಕಾಯದಂತೆ ಎಣ್ಣೆ ಬಿಡುವವನದು. ಆ ಹಿಡಿಕೆಗೆ ಎರಡೂ ಕೈ ಬೇಕು. ಅದಕ್ಕೇ ಸ್ಟೀಲಿನ ಕೆಲಸಕ್ಕೆ ಇಬ್ಬರು ನಿಲ್ಲಬೇಕೆಂಬುದು ಈ ಶೆಡ್ಡಿನ ನೇಮ. ಆರು ವರ್ಷ ಹಾಲೇಶ ಹಿಡಿಕೆ ಎಳೆದಿದ್ದ, ಅವನ ಜೊತೆಗಾರ ದಾದಾಪೀರ್ ಎಣ್ಣೆ ಬಿಟ್ಟಿದ್ದ.

ಗುರುಗಳು ಸವೆದ ನೆಲವನ್ನೂ ಅವನನ್ನೂ ನೋಡಿದರು.

“ಒಬ್ನೇ ಬಂದ್ಯಾ?”

“ಒಬ್ನೇ, ಗುರುಗಳೇ.”

ಅವರು ತೂತು ಕೊರೆಯುವ ಬಿಟ್‌ಗಳಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ತಳ್ಳಿದರು.

“ಆರಿಸ್ಕೋ.”

ಹಾಲೇಶ ಬಂಗಾರದಂತೆ ಹೊಳೆಯುವ ಬಿಟ್ ಒಂದನ್ನು ಎತ್ತಿಕೊಂಡ. ಬೇಗ ಮುಗಿಯಲಿ ಎಂದು ಮೆಷಿನ್ನನ್ನು ಜೋರಾಗಿ ತಿರುಗಿಸಿದ.

ಕಿರ್ರೆಂದು ಸದ್ದು, ಹೊಗೆ. ಬಿಟ್ಟಿನ ತುದಿ ನೀಲಿಯಾಯಿತು. ಪ್ಲೇಟಿನ ಮೇಲೆ ಒಂದು ಗೀರು ಬಿತ್ತು, ಅಷ್ಟೇ.

“ಬಂಗಾರ ಎಲ್ಲಿ ಹೋತು?”

“ಸುಟ್ಟೋತು.”

“ಎಷ್ಟು ದಪ್ಪ ಇತ್ತು?”

“ಮೇಲೆ ಬಳಿದಷ್ಟು.”

ಗುರುಗಳು ಡಬ್ಬಿಯ ತಳದಿಂದ ಮಬ್ಬು ಬಣ್ಣದ ಬಿಟ್ ಒಂದನ್ನು ತೆಗೆದರು. ಅದರ ಮೂತಿ ಕೊಂಚ ಚಪ್ಪಟೆ.

“ಇದು ಕೋಬಾಲ್ಟು. ಎಷ್ಟು ಸವೆದ್ರೂ ಒಳಗೆ ಇದೇ. ನಿಂಗೆ ಗೊತ್ತಿರಲಿಲ್ವೇನೋ?”

“ಗೊತ್ತಿತ್ತು. ಹೊಳಪು ನೋಡಿ ಮರ್ತೆ.”

“ಮೊದ್ಲಿಂದ್ಲೂ ನಿಂದು ಅದೇ ಚಾಳಿ.”

ಆ ಬೈಗುಳ ಕೇಳಿ ಹಾಲೇಶನಿಗೆ ಖುಷಿಯೇ ಆಯಿತು. ಆ ಬಿಟ್ ಸಿಕ್ಕಿಸಿ, ಮೆಷಿನ್ ನಿಧಾನ ತಿರುಗುವಂತೆ ಬೆಲ್ಟನ್ನು ಬೇರೆ ಗಾಲಿಗೆ ಹಾಕಿದ. ಪ್ಲೇಟಿನ ಮೇಲೆ ಪಕ್ಕದ ತೂತಿನ ಗುರುತಿಗೆ ಎಣ್ಣೆ ಬಿಟ್ಟು, ಎರಡೂ ಕೈಯಿಂದ ಹಿಡಿಕೆ ಎಳೆದ. ಬಿಟ್ ಕಚ್ಚಿತು. ಲೋಹದ ಉದ್ದನೆ ಸುರುಳಿ ಮೇಲೆದ್ದು ಬಂತು.

ಸ್ವಲ್ಪ ಹೊತ್ತಿಗೆ ಎಣ್ಣೆ ಒಣಗಿತು. ಹಾಲೇಶ ಒಂದು ಕೈ ಬಿಟ್ಟು ಕ್ಯಾನಿನತ್ತ ಚಾಚಿದ. ಸುರುಳಿ ನಿಂತಿತು. ಬಿಟ್ ಅಲ್ಲೇ ತಿರುಗುತ್ತ ಕಿರುಚಿತು.

ಆಮೇಲೆ ಎಷ್ಟು ಒತ್ತಿದರೂ ಬಿಟ್ ಕೂದಲೆಳೆಯಷ್ಟೂ ಇಳಿಯಲಿಲ್ಲ. ಕುಳಿಯ ತಳ ಕನ್ನಡಿಯಂತೆ ಹೊಳೆಯುತ್ತಿತ್ತು.

“ಏನಾತು?”

“ಎಣ್ಣೆ ಬಿಡೋಕೆ ಒಂದು ಕೈ ತೆಗೆದೆ, ಗುರುಗಳೇ. ಹಿಡಿತ ಸಡಿಲ ಆತು.”

“ಬಿಟ್ಟನ್ನ ಮೇಲಕ್ಕೆ ಎತ್ತಿದ್ಯಾ?”

“ಇಲ್ಲ.”

“ಕೊರೀತಿತ್ತಾ?”

“ಇಲ್ಲ. ಸುಮ್ನೆ ಉಜ್ತಿತ್ತು.”

“ಸ್ಟೀಲು ಹಂಗೇ. ಉಜ್ಜಿದಷ್ಟೂ ಗಟ್ಟಿ ಆಗ್ತದೆ.”

ಹಾಲೇಶ ಮೆಷಿನ್ ನಿಲ್ಲಿಸಿದ. ಹೊಳೆಯ ಸದ್ದು ಕೇಳತೊಡಗಿತು.

“ದಾದಾಪೀರ್ ಮನೀಗೆ ಹೋಗಿದ್ಯಂತೆ?” ಎಂದರು ಗುರುಗಳು.

ಅವರಿಬ್ಬರು ಬೇರೆಯಾದದ್ದು ನಾಲ್ಕು ವರ್ಷದ ಹಿಂದೆ. ಆಗ ವರ್ಕ್‌ಶಾಪ್ ಇಬ್ಬರದೂ ಆಗಿತ್ತು. ಹಾಲೇಶ ಇಂಥದೇ ಹೊಳೆಯುವ ಬಿಟ್ ಹಾಕಿ, ಗಿರಾಕಿಯೊಬ್ಬನ ಪಂಪಿನ ಶಾಫ್ಟ್ ಕೆಡಿಸಿದ್ದ. ಗಿರಾಕಿ ರೇಗಿದಾಗ ಹಾಲೇಶ, “ಇವನು ಎಣ್ಣೆ ಸರಿಯಾಗಿ ಬಿಡಲಿಲ್ಲ” ಎಂದು ದಾದಾಪೀರನ ಕಡೆ ಬೆರಳು ತೋರಿಸಿಬಿಟ್ಟಿದ್ದ. ದಾದಾಪೀರ್ ಎಣ್ಣೆ ಕ್ಯಾನನ್ನು ಟೇಬಲ್ಲಿನ ಮೇಲಿಟ್ಟು ಹೊರಟುಹೋದವನು ಮತ್ತೆ ಬರಲಿಲ್ಲ. ಅವನಿಲ್ಲದ ವರ್ಕ್‌ಶಾಪಿನಲ್ಲಿ ಹಾಲೇಶನಿಗೆ ಮಾಡಿದ ಕೆಲಸ ಯಾವುದೂ ರುಚಿಸುತ್ತಿರಲಿಲ್ಲ.

“ಮೂರು ಸಲ ಹೋಗಿದ್ದೆ.”

“ಏನ್ ಮಾತಾಡ್ದೆ?”

“ಚಾ ಕುಡಿದೆ. ಮಕ್ಳ ಓದು ಕೇಳ್ದೆ. ಬಿಸ್ಲು ಜಾಸ್ತಿ ಅಂದೆ.”

“ಅವನು?”

“ಮೊದ್ಲ ಸಲ ಒಳಗೆ ಕರೆದ. ಎರಡ್ನೇ ಸಲ ಕಟ್ಟೆ ಮೇಲೆ ಕೂರಿಸ್ದ.” ಹಾಲೇಶ ಕುಳಿಯ ತಳವನ್ನೇ ನೋಡುತ್ತಿದ್ದ. “ಮೂರ್ನೇ ಸಲ ಬಾಗ್ಲಲ್ಲೇ ನಿಂತು ಮಾತಾಡ್ದ.”

“ಆ ಶಾಫ್ಟು ಕೆಡ್ಸಿದ್ದು ಯಾರು?”

“ನಾನು.”

“ಅವನಿಗೆ ಹೇಳಿದ್ಯಾ?”

“ಬಾಯಿವರೆಗೆ ಬರ್ತದೆ, ಗುರುಗಳೇ. ಅಷ್ಟ್ರಲ್ಲಿ ಅವರ ಮನೆಯೋರು ಚಾ ತರ್ತಾರೆ.”

ಗುರುಗಳಿಗೆ ನಗು ಬಂತು. ಅವರು ಪಕ್ಕಕ್ಕೆ ತಿರುಗಿಕೊಂಡರು.

“ಈ ಪ್ಲೇಟು ಕೆಟ್ಟೋತು. ಬೇರೆ ತರ್ತೀನಿ,” ಎಂದ ಹಾಲೇಶ.

ಗುರುಗಳು ಪ್ಲೇಟನ್ನು ಬಿಚ್ಚಿಸಿ ಮಗುಚಿದರು.

“ಈ ಕಡೆಯಿಂದ ಗುರುತು ಹಾಕು.”

ಹಾಲೇಶ ಅಳೆದು ಗುರುತು ಹಾಕಿದ. ಆ ಮಗ್ಗುಲಲ್ಲಿ ಲೋಹ ಇನ್ನೂ ಹದವಾಗಿತ್ತು.

“ಮೊದ್ಲೆಲ್ಲ ದಾದಾಪೀರ್ ಮನೀಗೆ ಯಾವ ಬಾಗ್ಲಿಂದ ಹೋಗ್ತಿದ್ದೆ?”

“ಹಿತ್ಲ ಬಾಗ್ಲಿಂದ. ಅವರಮ್ಮ ಒಲೆ ಮುಂದೇನೇ ಕೂರ್ಸಿ ರೊಟ್ಟಿ ಹಾಕ್ತಿದ್ರು. ಈಗ್ಲೂ ಇದಾರೆ. ಹಿತ್ಲ ಕಡೆ ನಾನು ಹೋಗೇ ಇಲ್ಲ.”

ಹೇಳುತ್ತ ಅವನ ಕಣ್ಣು ತುಂಬಿತು. ತೋಳಿನಿಂದ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿಕೆ ಹಿಡಿದ.

“ನೀವು ಎಣ್ಣೆ ಬಿಡಿ, ಗುರುಗಳೇ.”

ಮೋನಪ್ಪಾಚಾರ್ರು ಬಲಗೈ ಚಾಚಿ ತೋರಿಸಿದರು. ಬಿದ್ದಂದಿನಿಂದ ಆ ಕೈ ಒಂದೇ ಸಮ ನಡುಗುತ್ತಿತ್ತು.

ಆಮೇಲೆ ಎಣ್ಣೆ ಕ್ಯಾನನ್ನು ಎತ್ತಿ, ಹಿಡಿಕೆಯಿಂದ ಹಾಲೇಶನ ಕೈ ಬಿಡಿಸಿ, ಆ ಕೈಯಲ್ಲಿಟ್ಟರು.

“ಇದನ್ನ ಅವನ ಕೈಗೆ ಕೊಡು. ಕರ್ಕಂಡು ಬಾ.”

ಹಾಲೇಶ ಬಾಗಿಲವರೆಗೆ ಹೋಗಿ ನಿಂತ.

“ಹೆಂಗೆ ಹೇಳ್ಲಿ, ಗುರುಗಳೇ?”

“ಚಾ ಬರೋಕೆ ಮುಂಚೆ ಹೇಳು.”