ಪೆನ್ಸಿಲ್ ಬಿದ್ದ ದಿನ

ಪರದೆಯ ಮೇಲೆ ರಂಗೋಲಿ ಬಿಡಿಸುವ ಪ್ರೋಗ್ರಾಮ್ ಬರೆಯುತ್ತಿದ್ದ ಮಂದಾಕಿನಿ, ಪ್ರತಿ ಎಸಳೂ ಎಷ್ಟು ತಿರುಗಬೇಕೆಂದು ಮೊದಲು ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತಿದ್ದಳು. ಆಮೇಲೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಕೀಬೋರ್ಡ್ ಮುಟ್ಟುತ್ತಿದ್ದಳು. ಕೀಬೋರ್ಡಿಗೆ ಹೊಟ್ಟೆಯುರಿ.

“ಪ್ರೋಗ್ರಾಮ್ ಬರೆಯುವುದು ನಾನು, ಕಿವಿಯ ಮೇಲೆ ಕೂರುವುದು ನೀನು,” ಎಂದಿತು.

“ಲೆಕ್ಕವಿಲ್ಲದೆ ಏನು ಬರೆಯುತ್ತೀಯೆ?” ಎಂದಿತು ಪೆನ್ಸಿಲ್.

“ನೋಡುತ್ತಿರು.”

ಮಂದಾಕಿನಿ ಪೆನ್ಸಿಲನ್ನು ಮೇಜಿನ ಮೇಲಿಟ್ಟು ಊಟಕ್ಕೆ ಎದ್ದಾಗ ಕೀಬೋರ್ಡ್ ಅದನ್ನು ಕೆಳಕ್ಕೆ ತಳ್ಳಿತು. ಪೆನ್ಸಿಲ್ ಕಾಣದೆ ಅವಳು ಅಂದಾಜಿನಲ್ಲೇ ಬರೆದಳು. ಎಸಳುಗಳು ಒಂದರ ಮೇಲೊಂದು ಬಿದ್ದವು. ಸಂಜೆಯವರೆಗೂ ಅವಳ ಬೆರಳು ಕೀಬೋರ್ಡ್ ಬಿಡಲಿಲ್ಲ.

“ನೋಡಿದಿರಾ, ಇಡೀ ದಿನ ನನ್ನನ್ನೇ ಒತ್ತಿದಳು,” ಎಂದು ಕೀಬೋರ್ಡ್ ತನ್ನ ಗುಂಡಿಗಳ ಮುಂದೆ ಬೀಗಿತು.

ಅಳಿಸುವ ಗುಂಡಿ ಸುಸ್ತಾಗಿ ಹೇಳಿತು: “ಒತ್ತಿದ್ದೆಲ್ಲ ನನ್ನನ್ನೇ.”