ಜುಣಕ ಕೇಳಿದ ತಂಗಿ

ಶಿಷ್ಯ ಕೇಳಿದ: "ಗುರುಗಳೇ, ಮನೆಗೆ ಬಂದವರಿಗೆ ನಮ್ಮಲ್ಲಿರುವ ಅತಿ ಒಳ್ಳೆಯದನ್ನು ಬಡಿಸಿ ಕಳಿಸಿದರೆ ನಮ್ಮ ಕರ್ತವ್ಯ ಅಲ್ಲಿಗೆ ಮುಗಿಯಿತಲ್ಲವೇ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಬಯಲುಸೀಮೆಯಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ತಂಗಿ. ತಂದೆತಾಯಿ ತೀರಿಹೋದ ಮೇಲೆ ಅವನೇ ಮುಂದೆ ನಿಂತು ಅವಳನ್ನು ದೊಡ್ಡ ಮನೆತನಕ್ಕೆ ಕೊಟ್ಟಿದ್ದ. ತಂಗಿ ಸುಖವಾಗಿದ್ದಾಳೆ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಆ ದೊಡ್ಡ ಮನೆಯಲ್ಲಿ ಗಂಡ ಅವಳ ಮೇಲೆ ಕೈ ಮಾಡುತ್ತಿದ್ದ. ಈಚೆಗೆ ಕೈಗೆ ಸಿಕ್ಕಿದ ವಸ್ತುವಿನಿಂದೆಲ್ಲ ಹೊಡೆಯುತ್ತಿದ್ದ. ಅಲ್ಲೇ ಇದ್ದರೆ ತನ್ನ ಜೀವ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

ಒಂದು ಮುಂಜಾನೆ ಅವಳು ಒಬ್ಬಳೇ ನಡೆದುಕೊಂಡು ಅಣ್ಣನ ಮನೆಗೆ ಬಂದಳು. ಬಂದದ್ದು ಉಳಿಯಲು. ಆದರೆ ಕೊಟ್ಟ ಮನೆಯಿಂದ ಕರೆಯದೆ ಬಂದ ಹೆಣ್ಣುಮಗಳು "ನನ್ನನ್ನು ಇಟ್ಟುಕೊಳ್ಳಿ" ಎಂದು ಹೊಸ್ತಿಲಲ್ಲೇ ನಿಂತು ಹೇಳುವುದು ಹೇಗೆ? ಅದನ್ನು ಅವಳು ದಾರಿಯುದ್ದಕ್ಕೂ ಯೋಚಿಸಿದ್ದಳು. ಅತ್ತಿಗೆಯ ಜೊತೆ ಒಲೆಯ ಮುಂದೆ ಕೂರಬೇಕು, ಎರಡು ರೊಟ್ಟಿ ಬಡಿಯಬೇಕು, ಎಲ್ಲರ ಜೊತೆ ನಾಲ್ಕು ತುತ್ತು ಉಣ್ಣಬೇಕು. ಆಗ ಮಾತು ತಾನಾಗಿ ಹೊರಗೆ ಬರುತ್ತದೆ ಎಂದುಕೊಂಡಿದ್ದಳು.

"ಅಡಿಗಿ ಏನ್ ಮಾಡಿಸ್ಲಿ ತಂಗೆವ್ವ?" ಎಂದು ಅಣ್ಣ ಸಡಗರದಿಂದ ಕೇಳಿದ.

"ಕಡ್ಲಿಹಿಟ್ಟು ಐತಲ್ಲ? ಜುಣಕ ಸಾಕಣ್ಣ. ನಾನೇ ಮಾಡತೀನಿ."

ಕಾಯಿಪಲ್ಯವಿಲ್ಲದ ದಿನ ಆ ಸೀಮೆಯ ಮನೆಗಳಲ್ಲಿ ಜುಣಕ. ಉಳ್ಳಾಗಡ್ಡಿ, ಮೆಣಸಿನಕಾಯಿಯ ಒಗ್ಗರಣೆಗೆ ನೀರು ಹಾಕಿ, ಕುದಿ ಬಂದಾಗ ಕಡಲೆಹಿಟ್ಟು ಉದುರಿಸಿ ತಿರುವಿದರೆ ಮುಗಿಯಿತು. ಹೊಲಕ್ಕೆ ಬುತ್ತಿ ಕಟ್ಟುವುದು ಅದೇ, ಮನೆಯವರು ಕೂಡಿ ಉಣ್ಣುವುದೂ ಅದೇ. ಬೀಗರಿಗೆ, ನೆಂಟರಿಗೆ ಮಾತ್ರ ಅದನ್ನು ಬಡಿಸುವಂತಿಲ್ಲ. ಬಡಿಸಿದರೆ ಬಂದವರ ಮರ್ಯಾದೆ ಕಳೆದಂತೆ. ನೆಂಟಳಾಗಿ ಅಲ್ಲ, ಮನೆಯವಳಾಗಿ ಉಣ್ಣಲೆಂದೇ ಅವಳು ಜುಣಕ ಕೇಳಿದ್ದು.

ರೈತ ನಕ್ಕುಬಿಟ್ಟ. "ಜುಣಕಾ? ಅಷ್ಟು ದೊಡ್ಡ ಮನಿ ಸೊಸಿಗೆ ಜುಣಕ ಉಣಿಸಿ ಕಳಿಸಿದ್ರ ಮಂದಿ ನನ್ನ ಮಾರಿಗೆ ಉಗಳತಾರ. ನೀ ಸುಮ್ಮನ ಕುಂದ್ರು."

ರೈತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳಲು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೊಲದ ಕೆಲಸ ಬಿಟ್ಟು ಓಡಾಡಿ ಬೆಲ್ಲ ತಂದ, ತುಪ್ಪ ತಂದ. ಹೋಳಿಗೆಗೆ ಬೇಳೆ ಇಡಲು ಹೆಂಡತಿಗೆ ಹೇಳಿದ. ಪಡಸಾಲೆಯಲ್ಲಿ ಜಮಖಾನ ಹಾಸಿ ತಂಗಿಯನ್ನು ಕೂರಿಸಿದ. ಅವಳು ಎರಡು ಸಲ ಎದ್ದು ಅಡಿಗೆಮನೆಯ ಬಾಗಿಲವರೆಗೆ ಹೋದಳು. ಎರಡು ಸಲವೂ ಅತ್ತಿಗೆ ಪ್ರೀತಿಯಿಂದಲೇ ತೋಳು ಹಿಡಿದು ತಂದು ಜಮಖಾನದ ಮೇಲೆ ಕೂರಿಸಿದಳು. ಹಿಡಿದ ಕಡೆ ನೋವಾಗಿ ತಂಗಿ ತುಟಿ ಕಚ್ಚಿದಳು. ಒಲೆಯ ಮೇಲೆ ಹೂರಣವಿತ್ತು, ಅತ್ತಿಗೆಗೆ ಅವಸರ.

ಊಟಕ್ಕೆ ಒಂದೇ ಎಲೆ ಹಾಕಿದರು. ನೆಂಟರು ಉಂಡೆದ್ದ ಮೇಲೆ ಮನೆಯವರು ಉಣ್ಣುವುದು ಅಲ್ಲಿಯ ವಾಡಿಕೆ. ಆ ಒಂದು ಎಲೆ ಕಂಡಾಗ ಅವಳಿಗೆ ಅರ್ಥವಾಯಿತು. ತಾನು ಈ ಮನೆಯವಳಲ್ಲ, ಬಂದವಳು. ಬಂದವರು ಹೊತ್ತು ಮುಳುಗುವುದರೊಳಗೆ ಹೊರಡಬೇಕು. ಅಷ್ಟು ದೂರದಿಂದ ಹೊತ್ತು ತಂದ ಮಾತನ್ನು ಆಡದೆ ಅವಳು ಎಲೆಯ ಮುಂದೆ ಕೂತಳು. ಅವಳು ಬೇಡವೆಂದರೂ ಕೇಳದೆ ಅಣ್ಣ ಹೋಳಿಗೆಯ ಮೇಲೆ ಹೋಳಿಗೆ ಹಾಕಿದ, ತುಪ್ಪ ಸುರಿದ. ಅವಳು ಅಳು ನುಂಗಿ ಉಂಡಳು.

ಕೈ ತೊಳೆದು ಬರುವಷ್ಟರಲ್ಲಿ ಅತ್ತಿಗೆ ಉಡಿ ತುಂಬಲು ಸಿದ್ಧಳಾಗಿದ್ದಳು. ಅಕ್ಕಿ, ಕೊಬ್ಬರಿ, ಕುಬಸದ ಖಣ. ಗಂಡನ ಮನೆಗೆ ಹೊರಟ ಮಗಳಿಗೆ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಹೊರಡುತ್ತೇನೆ ಎಂದು ಅವಳು ಹೇಳಿಯೇ ಇರಲಿಲ್ಲ. ಅಣ್ಣ ಗಾಡಿ ಹೂಡಿ, ತಾನೇ ಅವಳನ್ನು ಗಂಡನ ಮನೆಯ ಬಾಗಿಲಿಗೆ ಮುಟ್ಟಿಸಿ ಬಂದ. ಯಾವುದಕ್ಕೂ ಕಡಿಮೆಯಾಗದಂತೆ ಕಳಿಸಿಕೊಟ್ಟೆ ಎಂದು ಅವನಿಗೆ ಸಮಾಧಾನವಾಯಿತು.

ತಿಂಗಳು ತುಂಬುವುದರೊಳಗೆ ಸುದ್ದಿ ಬಂತು. ನೀರು ಸೇದಲು ಹೋದವಳು ಕಾಲು ಜಾರಿ ಬಾವಿಗೆ ಬಿದ್ದಳಂತೆ. ರೈತ, ಅವನ ಹೆಂಡತಿ ಎದ್ದೆವೋ ಬಿದ್ದೆವೋ ಎಂದು ಓಡಿದರು. ಹೆಣಕ್ಕೆ ನೀರೆರೆಯುವಾಗ ನೆರೆಯ ಹೆಂಗಸರು ಅವಳ ತೋಳು, ಬೆನ್ನು ತೋರಿಸಿದರು. ಹೊಸ ಗಾಯದ ಪಕ್ಕದಲ್ಲಿ ಹಳೆಯವೂ ಇದ್ದವು. ಅಂದಿನಿಂದ ರೈತನಿಗೆ ಅನ್ನ ಸೇರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಇದರಲ್ಲಿ ಆ ರೈತನ ತಪ್ಪೇನು? ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವನಿಗೆ ತಿಳಿಯುವುದಾದರೂ ಹೇಗೆ?"

ಗುರುಗಳು ಹೇಳಿದರು: "ಅವಳು ಉಣ್ಣುವಷ್ಟು ಹೊತ್ತೂ ಅವನು ಎಲೆಯನ್ನೇ ನೋಡುತ್ತಿದ್ದ, ಮಗು."